ಬ್ಯಾಟ್ ಕೈಯಲ್ಲಿ, ಹೊಡೆತ ನಡುವಿನಲ್ಲಿ

ಬ್ಯಾಟ್ ಹಿಡಿದಿರುವುದು ಕೈ. ಹಾಗಿದ್ದ ಮೇಲೆ ಮಣಿಕಟ್ಟು, ಮುಂಗೈ ಗಟ್ಟಿಯಾದಷ್ಟೂ ಹೊಡೆತ ಗಟ್ಟಿಯಾಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಸ್‌ಬಾಲ್ ಆಡುವ ಹುಡುಗರಿಗೂ ಹಾಗೆಯೇ ಅನ್ನಿಸುತ್ತದೆ. ಈ ನಂಬಿಕೆಯನ್ನು ಅಮೆರಿಕದ ಸಂಶೋಧಕ ಡೇವಿಡ್ ಶಿಮಾನ್‌ಸ್ಕಿ ಮತ್ತು ಅವರ ಸಂಗಡಿಗರು ಹೈಸ್ಕೂಲ್ ಆಟಗಾರರ ಮೇಲೆಯೇ ಪರೀಕ್ಷಿಸಿ, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಹುಡುಗರನ್ನು ಎರಡು ಗುಂಪು ಮಾಡಿದರು. 12 ವಾರಗಳ ಕಾಲ ಎರಡೂ ಗುಂಪಿನವರು ಮೈಯೆಲ್ಲಕ್ಕೂ ಒಂದೇ ಬಗೆಯ ತೂಕದ ವ್ಯಾಯಾಮ ಮಾಡಿದರು, ಒಂದೇ ಲೆಕ್ಕದಲ್ಲಿ ಬ್ಯಾಟ್ ಬೀಸಿದರು. ಒಂದು ಗುಂಪಿಗೆ ಮಾತ್ರ ಇದರ ಮೇಲೆ ಮಣಿಕಟ್ಟು ಮತ್ತು ಮುಂಗೈಯ ಕಸರತ್ತು. ಆ ಗುಂಪಿನವರ ಕೈ ನಿಜಕ್ಕೂ ಹೆಚ್ಚು ಬಲಗೊಂಡಿತು. ಬ್ಯಾಟಿನ ವೇಗ ಮಾತ್ರ ಉಳಿದವರಿಗಿಂತ ಹೆಚ್ಚಾಗಲಿಲ್ಲ.

ಮರುವರ್ಷ ಅದೇ ತಂಡದಿಂದ ಅದೇ ಮಾದರಿಯ ಇನ್ನೊಂದು ಪ್ರಯೋಗ ಹೊರಬಂತು. ಈ ಸಲ 49 ಹುಡುಗರು. ಒಂದು ಗುಂಪಿನಲ್ಲಿ 24, ಇನ್ನೊಂದರಲ್ಲಿ 25. ವಾರಕ್ಕೆ ಮೂರು ದಿನ, ದಿನಕ್ಕೆ 100 ಬಾರಿ ಬ್ಯಾಟ್ ಬೀಸುವುದು ಎಲ್ಲರಿಗೂ ಕಡ್ಡಾಯ, ತೂಕದ ವ್ಯಾಯಾಮವೂ ಎಲ್ಲರಿಗೂ ಒಂದೇ. ಎರಡನೆಯ ಗುಂಪಿನವರು ಹೆಚ್ಚುವರಿಯಾಗಿ ಮಾಡಿದ್ದು, ಮೆಡಿಸಿನ್ ಬಾಲ್ ಎನ್ನುವ ಭಾರದ ಚೆಂಡನ್ನು ಹಿಡಿದು ಇಡೀ ಮೈಯನ್ನು ತಿರುಗಿಸುತ್ತ ಎಸೆಯುವ ವ್ಯಾಯಾಮ. 12 ವಾರಗಳ ನಂತರ ಎರಡೂ ಗುಂಪು ಸುಧಾರಿಸಿತ್ತು. ಆದರೆ ನಡುವನ್ನು ತಿರುಗಿಸುವ ಬಲದಲ್ಲಿಯೂ ಬ್ಯಾಟಿನ ತುದಿಯ ವೇಗದಲ್ಲಿಯೂ ಮೆಡಿಸಿನ್ ಬಾಲ್ ಎಸೆದವರು ಸ್ಪಷ್ಟವಾಗಿ ಮುಂದಿದ್ದರು.

ಕೈಗೆ ಸೇರಿಸಿದ ಬಲ ಬ್ಯಾಟಿಗೆ ತಲುಪಲಿಲ್ಲ, ನಡುವಿಗೆ ಸೇರಿಸಿದ್ದು ತಲುಪಿತು. ಹೀಗೇಕೆ ಎಂಬುದು ಅರ್ಥವಾಗಬೇಕಾದರೆ ಬ್ಯಾಟರನ ಪಾದದಿಂದ ಶುರುಮಾಡಬೇಕು.

ಚೆಂಡೆಸೆಯುವವನು, ಅಂದರೆ ಪಿಚರ್, ನಿಲ್ಲುವ ಜಾಗಕ್ಕೂ ಬ್ಯಾಟರನ ಮುಂದಿರುವ ಹೋಮ್ ಪ್ಲೇಟಿಗೂ ನಡುವೆ 18.44 ಮೀಟರ್. ನಮ್ಮ ಕ್ರಿಕೆಟ್ ಪಿಚ್ಚಿಗಿಂತ ಒಂದೂವರೆ ಮೀಟರಿನಷ್ಟು ಕಡಿಮೆ, ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಹೈಸ್ಕೂಲಿನ ಒಳ್ಳೆಯ ಪಿಚರ್ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಎಸೆದರೆ ಚೆಂಡು ತಲುಪಲು ಬೇಕಾಗುವುದು ಅರ್ಧ ಸೆಕೆಂಡಿಗೂ ಒಂದಿಷ್ಟು ಕಡಿಮೆ. ಇದರಲ್ಲಿ ಬ್ಯಾಟ್ ಬೀಸುವ ಕ್ರಿಯೆಗೇ ಸುಮಾರು 0.15ರಿಂದ 0.2 ಸೆಕೆಂಡ್ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಚೆಂಡನ್ನು ನೋಡಬೇಕು, ಅದು ಯಾವ ಬಗೆಯ ಎಸೆತ ಎಂದು ಗುರುತಿಸಬೇಕು, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಬೇಕು.

ಇಷ್ಟು ಕಡಿಮೆ ಹೊತ್ತಿನಲ್ಲಿ ಬ್ಯಾಟಿಗೆ ವೇಗ ಕೊಡಲು ತೋಳಿನ ಸ್ನಾಯುಗಳಿಗೆ ಒಂಟಿಯಾಗಿ ಸಾಧ್ಯವಿಲ್ಲ. ಅವು ಅಷ್ಟು ದೊಡ್ಡವಲ್ಲ. ಮೈಯ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಪೃಷ್ಠದಲ್ಲಿ. ಬ್ಯಾಟರ್ ಮುಂಗಾಲನ್ನು ನೆಲಕ್ಕೆ ಊರಿದ ಕ್ಷಣ ಆ ಕಾಲು ತನ್ನ ಮೈತೂಕಕ್ಕಿಂತ ಹೆಚ್ಚಿನ ಬಲದಿಂದ ನೆಲವನ್ನು ಒತ್ತುತ್ತದೆ, ನೆಲ ಅಷ್ಟೇ ಬಲವನ್ನು ಹಿಂದಿರುಗಿಸುತ್ತದೆ. ಆ ಬಲ ಮೊದಲು ಶ್ರೋಣಿಯನ್ನು, ಅಂದರೆ ಹೊಕ್ಕುಳಿನ ಕೆಳಗೆ ಬೋಗುಣಿಯಂತೆ ಇರುವ ಮೂಳೆಯ ಕಟ್ಟನ್ನು, ತಿರುಗಿಸುತ್ತದೆ. ಆಮೇಲೆ ಭುಜ, ಆಮೇಲೆ ತೋಳು, ಕೊನೆಗೆ ಬ್ಯಾಟ್.

ವೃತ್ತಿಪರ ಬ್ಯಾಟರ್‌ಗಳ ಬೀಸನ್ನು ಅಳೆದು 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಅಂಕಿಗಳು ಈ ಸರಣಿಯನ್ನು ಕಣ್ಣಿಗೆ ಕಟ್ಟಿಕೊಡುತ್ತವೆ. ಶ್ರೋಣಿ ತಿರುಗಿದ ಗರಿಷ್ಠ ವೇಗ ಸೆಕೆಂಡಿಗೆ 714 ಡಿಗ್ರಿ. ಭುಜದ್ದು 937. ತೋಳಿನದು 1,160. ಬ್ಯಾಟ್ ಸೆಕೆಂಡಿಗೆ 31 ಮೀಟರ್ ವೇಗ ಮುಟ್ಟಿತು, ಎಂದರೆ ಗಂಟೆಗೆ ಸುಮಾರು 112 ಕಿಲೋಮೀಟರ್. ಕೆಳಗಿನಿಂದ ಮೇಲಕ್ಕೆ ಹೋದಂತೆ ವೇಗ ಏರುತ್ತಲೇ ಹೋಗುತ್ತದೆ. ಎತ್ತು ಹೊಡೆಯುವ ಚಾಟಿಯನ್ನು ಕಂಡವರಿಗೆ ಇದು ಹೊಸದಲ್ಲ: ಹಿಡಿಕೆ ಅಷ್ಟೇನೂ ಅಲುಗುವುದಿಲ್ಲ, ತುದಿ ಮಾತ್ರ ಚಟ್ಟೆಂದು ಸದ್ದು ಮಾಡುತ್ತದೆ. ಅದಕ್ಕೂ ಎರಡು ವರ್ಷ ಮೊದಲು, 1993ರಲ್ಲಿ, ಬ್ಯಾಟರ್‌ಗಳ ಸ್ನಾಯುಗಳಿಗೆ ವಿದ್ಯುತ್ ಸಂಕೇತ ಹಿಡಿಯುವ ಉಪಕರಣ ಜೋಡಿಸಿ ನಡೆಸಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತ್ತು. ಬೀಸಿನ ಹೊತ್ತಿನಲ್ಲಿ ಜೋರಾಗಿ ದುಡಿಯುತ್ತಿದ್ದವು ತೊಡೆಯ ಹಿಂಭಾಗ, ಪೃಷ್ಠ, ಬೆನ್ನು ಮತ್ತು ಹೊಟ್ಟೆಯ ಓರೆ ಸ್ನಾಯುಗಳು. ಭುಜ ಮತ್ತು ತೋಳಿನ ಸ್ನಾಯುಗಳ ದುಡಿಮೆ ಅವುಗಳ ಮುಂದೆ ಕಡಿಮೆಯೇ.

ಈಗ ನಡುವಿಗೆ ಬರೋಣ. ವ್ಯಾಯಾಮ ಶಾಲೆಗಳಲ್ಲಿ ಇದಕ್ಕೆ ಕೋರ್ ಎನ್ನುತ್ತಾರೆ. ಆ ಪದ ಕೇಳಿದೊಡನೆ ಹದಿಹರೆಯದ ಹುಡುಗರ ಮನಸ್ಸಿಗೆ ಬರುವುದು ಹೊಟ್ಟೆಯ ಮೇಲೆ ಮೂಡುವ ಗಂಟುಗಳು, ಸಿಕ್ಸ್ ಪ್ಯಾಕ್. ಕನ್ನಡಿಯಲ್ಲಿ ಕಾಣುವ ಆ ಸ್ನಾಯು ಕೋರ್‌ನ ಒಂದು ಸಣ್ಣ ಪಾಲು ಮಾತ್ರ. ನನಗೆ ಕೋರ್ ಎಂದಾಗ ನೆನಪಾಗುವುದು ಡೊಳ್ಳು. ಮೇಲೊಂದು ಚರ್ಮ, ಕೆಳಗೊಂದು ಚರ್ಮ, ಸುತ್ತಲೂ ಬಿಗಿದ ಹಗ್ಗ. ಮೇಲಿನ ಚರ್ಮದ ಜಾಗದಲ್ಲಿ ಉಸಿರಾಟದ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ಕೆಳಗೆ ಶ್ರೋಣಿಯ ತಳದ ಸ್ನಾಯುಗಳು. ಸುತ್ತಲೂ ಹೊಟ್ಟೆಯನ್ನು ಒಳಗಿನಿಂದ ಪಟ್ಟಿಯಂತೆ ಸುತ್ತಿರುವ ಅಡ್ಡ ಸ್ನಾಯು, ಅದರ ಮೇಲೆ ಎರಡು ಪದರ ಓರೆ ಸ್ನಾಯುಗಳು. ಹಿಂದೆ ಬೆನ್ನುಮೂಳೆಯ ಒಂದೊಂದು ಮಣಿಗೂ ಅಂಟಿಕೊಂಡ ಚಿಕ್ಕ ಚಿಕ್ಕ ಸ್ನಾಯುಗಳು. ಇವೆಲ್ಲ ಒಟ್ಟಿಗೆ ಬಿಗಿದಾಗ ಒಳಗಿನ ಒತ್ತಡ ಏರಿ ಬೆನ್ನುಮೂಳೆ ಕಂಬದಂತೆ ನಿಲ್ಲುತ್ತದೆ. ಒಂದು ಕಡೆಯ ಹಗ್ಗ ಸಡಿಲವಾದರೆ ಡೊಳ್ಳಿನ ನಾದ ಕೆಡುವಂತೆ, ಒಂದು ಸ್ನಾಯು ತಡವಾಗಿ ಎಚ್ಚತ್ತರೂ ಇಡೀ ಕಟ್ಟು ಅಲುಗುತ್ತದೆ.

ತಡವಾಗಿ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಬೆನ್ನುಮೂಳೆಯ ಸ್ಥಿರತೆಗೆ ಮೂರು ಆಧಾರಗಳಿವೆ ಎಂದು ಮನೋಹರ್ ಪಂಜಾಬಿ ಎಂಬ ವಿಜ್ಞಾನಿ 1992ರಲ್ಲಿ ವಿವರಿಸಿದರು: ಮೂಳೆ ಮತ್ತು ಅವನ್ನು ಕಟ್ಟಿದ ನಾರುಗಳು ಒಂದು, ಸ್ನಾಯುಗಳು ಇನ್ನೊಂದು, ಯಾವ ಸ್ನಾಯು ಯಾವಾಗ ಎಷ್ಟು ಬಿಗಿಯಬೇಕು ಎಂದು ಅಪ್ಪಣೆ ಕೊಡುವ ನರವ್ಯವಸ್ಥೆ ಮೂರನೆಯದು. ಆರೋಗ್ಯವಂತನೊಬ್ಬ ಥಟ್ಟನೆ ಕೈ ಎತ್ತಿದಾಗ, ಕೈ ಮೇಲೇಳುವ ಮೊದಲೇ ಹೊಟ್ಟೆಯ ಒಳಪಟ್ಟಿ ಬಿಗಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1990ರ ದಶಕದಲ್ಲಿ ಅಳೆದು ತೋರಿಸಿದರು. ಮೊದಲು ನಡು ನಿಲ್ಲುತ್ತದೆ, ಆಮೇಲೆ ಕೈ ಆಡುತ್ತದೆ. ಕೆಲಸಕ್ಕೆ ಸಿದ್ಧವಾಗುವುದಕ್ಕೆ ಟೊಂಕ ಕಟ್ಟುವುದು ಎಂದು ಕರೆದ ನಮ್ಮ ಹಿರಿಯರು ಮೈಯ ಈ ಕ್ರಮವನ್ನು ಅನುಭವದಿಂದಲೇ ಕಂಡುಕೊಂಡಿದ್ದರೇನೋ.

ಇಲ್ಲಿ ಒಂದು ತೊಡಕಿದೆ, ಬಹಳ ತರಬೇತುದಾರರು ಎಡವುವ ಜಾಗವೂ ಇದೇ. ಬ್ಯಾಟ್ ಬೀಸುವಾಗ ಮೈ ತಿರುಗುತ್ತದೆ, ಆದ್ದರಿಂದ ಸೊಂಟವನ್ನು ಹೆಚ್ಚು ಹೆಚ್ಚು ತಿರುಚುವುದೇ ತರಬೇತಿ ಎಂದುಕೊಳ್ಳುತ್ತಾರೆ. ನೆಲದ ಮೇಲೆ ಕೂತು, ಕಾಲೆತ್ತಿ, ಎಡಕ್ಕೂ ಬಲಕ್ಕೂ ಮೈ ತಿರುಚುವ ವ್ಯಾಯಾಮವನ್ನು ಎಲ್ಲ ಕಡೆ ಮಾಡಿಸುತ್ತಾರೆ. ಆದರೆ ಸೊಂಟದ ಐದು ಮಣಿಗಳು ತಿರುಗಲೆಂದು ಆದವಲ್ಲ. ಅವುಗಳ ನಡುವಿನ ಒಂದೊಂದು ಕೀಲೂ ತಿರುಗುವುದು ಒಂದೆರಡು ಡಿಗ್ರಿಯಷ್ಟು. ತಿರುಗುವ ಕೆಲಸ ಕೆಳಗೆ, ತೊಡೆ ಶ್ರೋಣಿಗೆ ಸೇರುವ ಚಪ್ಪೆ ಕೀಲಿನದು, ಮೇಲೆ ಎದೆಗೂಡಿನ ಹಿಂದಿನ ಬೆನ್ನಿನದು. ನಡುವೆ ಇರುವ ಸೊಂಟದ ಕೆಲಸ, ಕೆಳಗಿನಿಂದ ಬಂದದ್ದನ್ನು ಸೋರಗೊಡದೆ ಮೇಲಕ್ಕೆ ದಾಟಿಸುವುದು.

ಒದ್ದೆ ಕಂಬಳಿಯನ್ನು ಇಬ್ಬರು ಹಿಂಡುವುದನ್ನು ನೆನಪಿಸಿಕೊಳ್ಳಿ. ಒಬ್ಬರು ತುದಿ ಬಿಗಿಯಾಗಿ ಹಿಡಿದಿರುತ್ತಾರೆ, ಇನ್ನೊಬ್ಬರು ತಿರುಚುತ್ತಾರೆ. ಹಿಡಿದವರ ಕೈ ಜಾರಿದರೆ ತಿರುಚಿದ್ದೆಲ್ಲ ವ್ಯರ್ಥ. ಬೀಸಿನಲ್ಲಿಯೂ ಶ್ರೋಣಿ ಮುಂದಕ್ಕೆ ತಿರುಗಲು ಶುರುವಾದಾಗ ಭುಜ ಇನ್ನೂ ಹಿಂದೆಯೇ ಉಳಿದಿರುತ್ತದೆ. ಆ ಒಂದು ಗಳಿಗೆಯಲ್ಲಿ ಪಕ್ಕೆಯ ಓರೆ ಸ್ನಾಯುಗಳು ರಬ್ಬರಿನಂತೆ ಎಳೆದುಕೊಳ್ಳುತ್ತವೆ, ಮರುಗಳಿಗೆಯಲ್ಲಿ ಕುಗ್ಗಿ ಭುಜವನ್ನು ರಭಸದಿಂದ ಎಳೆದು ತರುತ್ತವೆ. ನಡು ಸಡಿಲವಿದ್ದ ಹುಡುಗನಲ್ಲಿ ಈ ಎಳೆತ ಉಳಿಯುವುದಿಲ್ಲ. ಶ್ರೋಣಿ ತಿರುಗಿದೊಡನೆ ಮೇಲಿನ ಮೈ ಒಂದೋ ಜೊತೆಯಲ್ಲೇ ತಿರುಗಿಬಿಡುತ್ತದೆ, ಇಲ್ಲವೇ ಹಿಂದಕ್ಕೆ ಬಾಗಿ ಸೊಂಟದಲ್ಲಿ ಮಡಚಿಕೊಳ್ಳುತ್ತದೆ. ಕಾಲು ಹುಟ್ಟಿಸಿದ ಬಲದ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ. ಕೊರತೆ ತುಂಬಲು ಅವನು ತೋಳಿನಿಂದ ಎಳೆಯುತ್ತಾನೆ, ತರಬೇತುದಾರ ತೋಳಿನಿಂದ ಹೊಡೆಯಬೇಡ ಎಂದು ಗದರುತ್ತಾನೆ. ಪಾಪ, ಹುಡುಗನಿಗೆ ಬೇರೆ ದಾರಿಯೇ ಇರುವುದಿಲ್ಲ.

ಬ್ಯಾಟಿನ ವೇಗಕ್ಕೆ ಇಷ್ಟೆಲ್ಲ ಮಹತ್ವ ಏಕೆ? ಬೇಸ್‌ಬಾಲ್‌ನ ಭೌತಶಾಸ್ತ್ರವನ್ನು ಬಹಳ ಕಾಲ ಅಧ್ಯಯನ ಮಾಡಿರುವ ಇಲಿನಾಯ್ ವಿಶ್ವವಿದ್ಯಾಲಯದ ಅಲನ್ ನೇಥನ್ ಸರಳವಾದ ಒಂದು ಲೆಕ್ಕ ಕೊಡುತ್ತಾರೆ. ಬ್ಯಾಟಿನ ಸರಿಯಾದ ಜಾಗಕ್ಕೆ ತಗುಲಿದ ಚೆಂಡು ಚಿಮ್ಮುವ ವೇಗ ಎಂದರೆ, ಬಂದ ಚೆಂಡಿನ ವೇಗದ ಸುಮಾರು 0.2 ಪಾಲು ಮತ್ತು ಬ್ಯಾಟಿನ ವೇಗದ ಸುಮಾರು 1.2 ಪಾಲು ಕೂಡಿಸಿದಷ್ಟು. ಚೆಂಡು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಬಂತು, ಬ್ಯಾಟ್ 100ರಲ್ಲಿ ಬೀಸಿತು ಎನ್ನೋಣ: 22 ಮತ್ತು 120 ಕೂಡಿ 142. ಬ್ಯಾಟಿನ ವೇಗ 104 ಆದರೆ ಮೊತ್ತ 147ರ ಹತ್ತಿರ ಬರುತ್ತದೆ. ಒಳ್ಳೆಯ ಕೋನದಲ್ಲಿ ಹಾರಿದ ಚೆಂಡಿಗೆ ಅದು ನಾಲ್ಕೈದು ಮೀಟರ್ ಹೆಚ್ಚಿನ ದೂರ. ಬೌಂಡರಿಯ ಬಳಿ ಕ್ಯಾಚ್ ಆಗುವುದಕ್ಕೂ ಗೋಡೆ ದಾಟುವುದಕ್ಕೂ ಇರುವ ಅಂತರ ಅನೇಕ ಸಲ ಅಷ್ಟೇ.

ಜಪಾನಿನ ಹೈಸ್ಕೂಲ್ ಹುಡುಗರಿಗೆ ಈ ಲೆಕ್ಕ ಈಗ ಇನ್ನಷ್ಟು ಬಿಗಿಯಾಗಿದೆ. 1915ರಲ್ಲಿ ಆರಂಭವಾದ ಅಲ್ಲಿನ ಬೇಸಿಗೆಯ ರಾಷ್ಟ್ರೀಯ ಹೈಸ್ಕೂಲ್ ಪಂದ್ಯಾವಳಿ 1924ರಿಂದ ಕೋಶಿಯೆನ್ ಕ್ರೀಡಾಂಗಣದಲ್ಲಿ ನಡೆಯುತ್ತದೆ, ಈಗ ಅಲ್ಲಿ 49 ತಂಡಗಳು ಆಡುತ್ತವೆ. 2024ರಿಂದ ಲೋಹದ ಬ್ಯಾಟಿನ ದಪ್ಪವನ್ನು 67 ಮಿಲಿಮೀಟರಿನಿಂದ 64ಕ್ಕೆ ಇಳಿಸಿದರು, ಒಳಗೆ ಟೊಳ್ಳಾಗಿರುವ ಆ ಬ್ಯಾಟಿನ ಲೋಹದ ಪದರವನ್ನು ದಪ್ಪ ಮಾಡಿದರು. ಬ್ಯಾಟಿನಿಂದ ಚೆಂಡು ಕಡಿಮೆ ರಭಸದಲ್ಲಿ ಚಿಮ್ಮಬೇಕು, ಹತ್ತಿರ ನಿಂತ ಪಿಚರನ ಮುಖಕ್ಕೆ ಬಡಿಯಬಾರದು ಎಂಬುದು ಉದ್ದೇಶ. ಅಮೆರಿಕದ ಹೈಸ್ಕೂಲ್‌ಗಳು 2012ರಲ್ಲೇ ಇಂಥ ಮಿತಿ ತಂದಿದ್ದವು. ಬ್ಯಾಟ್ ಕೊಡುತ್ತಿದ್ದ ಪುಟಿತ ಕಡಿಮೆಯಾದ ಮೇಲೆ ಆ ನಷ್ಟವನ್ನು ಮೈ ತುಂಬಿಕೊಡಬೇಕು.

ಕೋರ್ ತರಬೇತಿಯಿಂದ ಬ್ಯಾಟಿಂಗ್ ಸುಧಾರಿಸುತ್ತದೆ ಎಂದು ಘೋಷಿಸಿಬಿಡಬಹುದೇ? ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ಹದಿಹರೆಯದವರ ಮೇಲಿನ ಯಾವುದೇ ಪ್ರಯೋಗದಲ್ಲಿ ಮೊದಲು ಕೇಳಬೇಕಾದದ್ದು, ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ ಎಂದು. 15 ವರ್ಷದ ಹುಡುಗ ಮೂರು ತಿಂಗಳಲ್ಲಿ ಬೆಳೆಯುತ್ತಾನೆ, ತೂಕ ಕೂಡಿಕೊಳ್ಳುತ್ತಾನೆ, ದಿನಾ ಬೀಸಿದ್ದರಿಂದ ಕಲಿಯುತ್ತಾನೆ. ಏನನ್ನೂ ಹೊಸದಾಗಿ ಮಾಡಿಸದಿದ್ದರೂ ಅವನ ಬ್ಯಾಟಿನ ವೇಗ ಏರುತ್ತದೆ. ಶಿಮಾನ್‌ಸ್ಕಿ ತಂಡದ ಪ್ರಯೋಗದಲ್ಲಿಯೂ ಎರಡೂ ಗುಂಪು ಸುಧಾರಿಸಿದ್ದನ್ನು ಮರೆಯಬಾರದು. ಹಿಂದೆ ಇಷ್ಟಿತ್ತು, ಈಗ ಇಷ್ಟಾಯಿತು ಎಂದು ಒಂದೇ ತಂಡದ ಅಂಕಿ ತೋರಿಸಿ ತರಬೇತಿ ಮಾರುವವರನ್ನು ನಾನು ನಂಬುವುದಿಲ್ಲ.

ಎರಡನೆಯದು, ಕೋರ್ ತರಬೇತಿ ಎಂಬ ಒಂದೇ ಹೆಸರಿನ ಕೆಳಗೆ ಬಹಳ ಭಿನ್ನವಾದ ಸಂಗತಿಗಳಿವೆ. ಮೊಣಕೈ ಊರಿ ಹಲಗೆಯಂತೆ ಅಲುಗದೆ ನಿಲ್ಲುವ ಪ್ಲ್ಯಾಂಕ್ ಒಂದು ಕೊನೆ. ರಭಸದಿಂದ ತಿರುಗಿ ಚೆಂಡೆಸೆಯುವುದು ಇನ್ನೊಂದು ಕೊನೆ. ಮೂರು ನಿಮಿಷ ಪ್ಲ್ಯಾಂಕ್ ಮಾಡಬಲ್ಲವನು ಮೂರು ನಿಮಿಷ ಅಲುಗದೆ ಇರಲು ಕಲಿತಿರುತ್ತಾನೆ. ಬೀಸು ಮುಗಿಯುವುದು ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ. ನಿಂತ ನೀರಿನಲ್ಲಿ ತೇಲಲು ಕಲಿತವನು ಹೊಳೆ ಈಜುತ್ತಾನೆ ಎಂದು ಹೇಳಲಾಗುವುದಿಲ್ಲ. ಕ್ರೀಡಾಪಟುಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಬರೀ ಕೋರ್ ವ್ಯಾಯಾಮದಿಂದ ಆಟದ ಸಾಮರ್ಥ್ಯಕ್ಕೆ ಆಗುವ ಲಾಭ ಸೀಮಿತ ಎಂದಿದ್ದಾರೆ. ಹಾಗೆಂದು ಸ್ಥಿರತೆಯ ತರಬೇತಿ ನಿಷ್ಪ್ರಯೋಜಕವೂ ಅಲ್ಲ. ನಾರ್ವೆಯ ಸಂಶೋಧಕರು ಸರಾಸರಿ 16.6 ವರ್ಷದ 24 ಹ್ಯಾಂಡ್‌ಬಾಲ್ ಆಟಗಾರ್ತಿಯರಲ್ಲಿ ಒಂದು ಗುಂಪಿಗೆ ಆರು ವಾರ, ತೂಗುಹಗ್ಗದಲ್ಲಿ ಕೈಕಾಲು ಇಟ್ಟು ನಡುವನ್ನು ಸ್ಥಿರವಾಗಿ ಹಿಡಿಯುವ ವ್ಯಾಯಾಮ ಮಾಡಿಸಿದರು. ಅವರ ಎಸೆತದ ವೇಗ 4.9 ಶೇಕಡ ಏರಿತು, ಇನ್ನೊಂದು ಗುಂಪಿನದು ಏರಲಿಲ್ಲ. ತೂಗುಹಗ್ಗ ಅಲುಗುತ್ತಿರುತ್ತದೆ, ಆ ಅಲುಗಾಟದ ನಡುವೆ ನಡುವನ್ನು ಹಿಡಿಯಬೇಕು. ನಿಂತ ನೆಲದ ಪ್ಲ್ಯಾಂಕಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ ಎಂದು ನನಗೆ ತೋರುತ್ತದೆ.

ಮೂರನೆಯ ಮಾತು ನೇರ: ಬ್ಯಾಟಿನ ವೇಗವೇ ಬ್ಯಾಟಿಂಗ್ ಅಲ್ಲ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಕೋಲಿನ ಮೇಲೆ ಇಟ್ಟ ಚೆಂಡನ್ನು ಹೊಡೆದಾಗಿನ ವೇಗವನ್ನು. ಪಂದ್ಯದಲ್ಲಿ ಚೆಂಡು ತಿರುಗುತ್ತದೆ, ಇಳಿಯುತ್ತದೆ, ವೇಗ ಬದಲಿಸುತ್ತದೆ. ಅದನ್ನು ಗುರುತಿಸುವುದು ಕಣ್ಣು ಮತ್ತು ಮಿದುಳಿನ ಕೆಲಸ, ಯಾವ ಪ್ಲ್ಯಾಂಕೂ ಅದನ್ನು ಕಲಿಸದು. ಆದರೂ ಒಂದು ಸಣ್ಣ ಕೊಂಡಿ ಇದೆ. ಬೀಸು 0.01 ಸೆಕೆಂಡ್ ಬೇಗ ಮುಗಿಯುವಂತಾದರೆ ಬ್ಯಾಟರ್ ಅಷ್ಟು ತಡವಾಗಿ ಶುರುಮಾಡಬಹುದು. 130 ಕಿಲೋಮೀಟರ್ ವೇಗದ ಚೆಂಡು ಆ ಹೊತ್ತಿನಲ್ಲಿ 36 ಸೆಂಟಿಮೀಟರ್ ಸಾಗುತ್ತದೆ. ಚೆಂಡನ್ನು ಮೊಳಕ್ಕೆ ತುಸು ಕಡಿಮೆ ದೂರ ಹೆಚ್ಚು ನೋಡಿ ತೀರ್ಮಾನಿಸುವ ಅವಕಾಶ ಬ್ಯಾಟರನಿಗೆ ಕಡಿಮೆ ವರವಲ್ಲ.

ಹದಿಹರೆಯದವರ ಮೈಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹುಡುಗರು ಸಾಮಾನ್ಯವಾಗಿ 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ, ಒಂದೇ ವರ್ಷದಲ್ಲಿ ಎಂಟರಿಂದ ಹತ್ತು ಸೆಂಟಿಮೀಟರ್. ಮೊದಲು ಕಾಲು ಉದ್ದವಾಗುತ್ತದೆ, ಮುಂಡ ಆಮೇಲೆ. ಸ್ನಾಯುಬಲ ಇನ್ನೂ ಹಿಂದಿನಿಂದ ಬರುತ್ತಿರುತ್ತದೆ. ನಿನ್ನೆಯವರೆಗೆ ಲಯದಲ್ಲಿ ಹೊಡೆಯುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ತನ್ನ ಕೈಕಾಲು ತನ್ನದಲ್ಲವೆಂಬಂತೆ ತಡವರಿಸುತ್ತಾನೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಕ್ಕಳನ್ನು ಬೇಸ್‌ಬಾಲ್ ಮೈದಾನಕ್ಕೆ ಕರೆದೊಯ್ಯುವ ಕನ್ನಡದ ತಂದೆತಾಯಿಗಳಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ಆ ವರ್ಷ ಬೈಯಬೇಡಿ. ಉದ್ದವಾದ ಸನ್ನೆಗೋಲನ್ನು ಹಳೆಯ ಬಲದಲ್ಲಿ ಆಡಿಸುವುದು ಅವನ ಮೈಗೆ ಹೊಸ ಪಾಠ. ನಡುವಿನ ಹಿಡಿತವನ್ನು ಮತ್ತೆ ಕಲಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ, ಭಾರ ಹೇರಲು ಅದಕ್ಕಿಂತ ಕೆಟ್ಟ ಸಮಯವೂ ಇಲ್ಲ.

ಹಾಗಾದರೆ ಮಾಡಿಸುವುದೇನು? ಮೊದಲ ಕೆಲವು ವಾರ ಹಿಡಿಯುವುದನ್ನು ಕಲಿಸಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಮೂರು ವ್ಯಾಯಾಮಗಳನ್ನು ಆಯ್ದು ಪ್ರಚಾರಕ್ಕೆ ತಂದರು. ಅಂಗೈ ಮತ್ತು ಮಂಡಿ ಊರಿ ನಿಂತು ಒಂದು ಕೈಯನ್ನು ಮುಂದಕ್ಕೂ ಎದುರು ಬದಿಯ ಕಾಲನ್ನು ಹಿಂದಕ್ಕೂ ಚಾಚುವುದು; ಮಗ್ಗುಲಾಗಿ ಒಂದು ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವುದು; ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ಇಟ್ಟು ತಲೆ ಮತ್ತು ಭುಜವನ್ನು ನೆಲದಿಂದ ಕೊಂಚವೇ ಎತ್ತುವುದು. ಹಿಡಿತ ಹತ್ತು ಸೆಕೆಂಡ್ ಮೀರಬೇಕಿಲ್ಲ. ಉಸಿರು ಕಟ್ಟಬಾರದು. ಮೊದಲ ವ್ಯಾಯಾಮ ಮಾಡುವಾಗ ಹುಡುಗನ ಸೊಂಟದ ಮೇಲೆ ನೀರು ತುಂಬಿದ ಲೋಟ ಇಟ್ಟಂತೆ ಭಾವಿಸಿ ನೋಡಿ, ನೀರು ಯಾವ ಕಡೆಗೆ ಚೆಲ್ಲುತ್ತದೋ ಅವನ ನಡು ಆ ಕಡೆ ಸೋಲುತ್ತಿದೆ. ನೂರಾರು ಬಾರಿ ಒಂದೇ ದಿಕ್ಕಿಗೆ ಬೀಸುವ ಬ್ಯಾಟರನಲ್ಲಿ ಎರಡು ಬದಿಯ ವ್ಯತ್ಯಾಸ ಕಂಡರೆ ಅಚ್ಚರಿಯಿಲ್ಲ.

ಅದು ಒಗ್ಗಿದ ಮೇಲೆ ತಿರುಗುವ ಬಲವನ್ನು ತಡೆಯುವುದು. ಎದೆಯ ಎತ್ತರದಲ್ಲಿ ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿ, ಕಂಬಕ್ಕೆ ಮಗ್ಗುಲಾಗಿ ನಿಂತು, ಪಟ್ಟಿಯನ್ನು ಎರಡೂ ಕೈಯಿಂದ ಎದೆಯ ಮುಂದಕ್ಕೆ ಚಾಚಬೇಕು. ಪಟ್ಟಿ ಮೈಯನ್ನು ಕಂಬದ ಕಡೆ ತಿರುಗಿಸಲು ನೋಡುತ್ತದೆ, ಹುಡುಗ ತಿರುಗಬಾರದು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಪಕ್ಕೆ ಮುಟ್ಟಿ ನೋಡಿದರೆ ಕಲ್ಲಾಗಿರುತ್ತದೆ. ಕೊನೆಯಲ್ಲಿ ರಭಸ: ಎರಡು ಕಿಲೋ ಆಸುಪಾಸಿನ ಮೆಡಿಸಿನ್ ಬಾಲ್ ಹಿಡಿದು ಬ್ಯಾಟರನಂತೆಯೇ ನಿಂತು, ಹಿಂಗಾಲಿನಿಂದ ಶುರುಮಾಡಿ ಗೋಡೆಗೆ ಎಸೆಯುವುದು, ಎರಡೂ ಬದಿಗೆ. ಎಂಟು ಎಸೆತ ಮುಗಿಯುವಷ್ಟರಲ್ಲಿ ವೇಗ ಇಳಿಯುತ್ತಿದ್ದರೆ ಚೆಂಡು ಭಾರವಾಯಿತು ಎಂದೇ ಅರ್ಥ. ಭಾರದ ಚೆಂಡು ಮೈಯನ್ನು ನಿಧಾನಕ್ಕೆ ತಿರುಗಲು ಕಲಿಸುತ್ತದೆ, ನಮಗೆ ಬೇಕಾದದ್ದು ಅದಕ್ಕೆ ವಿರುದ್ಧ. ಇದೆಲ್ಲ ಬೆಟ್ಟದಷ್ಟು ಹೊತ್ತು ಬೇಡುವುದಿಲ್ಲ. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ, ಎಂಟರಿಂದ ಹನ್ನೆರಡು ವಾರ. ಕಾಲಿನ ಬಲಕ್ಕೆ ಬೈಠಕ್‌ನಂಥ ವ್ಯಾಯಾಮಗಳು ಜೊತೆಯಲ್ಲಿ ನಡೆಯಲೇಬೇಕು, ಏಕೆಂದರೆ ದಾಟಿಸಲು ಏನಾದರೂ ಹುಟ್ಟಿದ್ದರೆ ತಾನೇ ನಡು ದಾಟಿಸುವುದು.

ಬೆನ್ನುನೋವಿನ ವಿಷಯವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಸಣ್ಣದೆಂದು ಅಲ್ಲ. ಹಿಂದಕ್ಕೆ ಬಾಗುತ್ತ ತಿರುಗುವ ಚಲನೆ ಮತ್ತೆ ಮತ್ತೆ ನಡೆದಾಗ ಸೊಂಟದ ಮಣಿಯ ಹಿಂಭಾಗದಲ್ಲಿರುವ ಸಪೂರ ಸೇತುವೆಯಂಥ ಮೂಳೆ ಸವೆದು ಬಿರುಕು ಬಿಡುತ್ತದೆ. ಸ್ಪಾಂಡಿಲೋಲೈಸಿಸ್ ಎನ್ನುವ ಈ ತೊಂದರೆ ಹೆಚ್ಚಾಗಿ ಐದನೆಯ, ಅಂದರೆ ಕಟ್ಟಕಡೆಯ ಸೊಂಟದ ಮಣಿಯಲ್ಲಿ ಕಾಣುತ್ತದೆ, ಮೂಳೆ ಇನ್ನೂ ಬಲಿಯುತ್ತಿರುವ ಹದಿಹರೆಯದ ಆಟಗಾರರನ್ನೇ ಹಿಡಿಯುತ್ತದೆ. ನಡು ಹಿಡಿಯಲಾರದೆ ಪ್ರತಿ ಬೀಸಿನಲ್ಲೂ ಹಿಂದಕ್ಕೆ ಮಡಚಿಕೊಳ್ಳುವ ಹುಡುಗನ ಮೂಳೆಯ ಮೇಲೆ ಬೀಳುವ ಹೊರೆಯನ್ನು ಊಹಿಸಿಕೊಳ್ಳಿ. ಸೊಂಟದ ಒಂದು ಬದಿಯಲ್ಲಿ ನೋವು, ಹಿಂದಕ್ಕೆ ಬಾಗಿದಾಗ ಹೆಚ್ಚು, ಎರಡು ಮೂರು ವಾರವಾದರೂ ಹೋಗದು ಎಂದಾದರೆ ಅದನ್ನು ಸ್ನಾಯು ಹಿಡಿತ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಎಂಆರ್‌ಐ ತೋರಿಸುತ್ತದೆ. ಬೇಗ ಕಂಡುಹಿಡಿದು ಕೆಲವು ತಿಂಗಳು ಆಟ ನಿಲ್ಲಿಸಿದರೆ ಮೂಳೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ನೋವು ಇಳಿದ ಮೇಲೆ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಹುಡುಗನನ್ನು ಮರಳಿ ಕೂರಿಸುವುದು ಅದೇ ಚಾಪೆಯ ಮೇಲೆ: ಅಂಗೈ ಮತ್ತು ಮಂಡಿ ಊರಿ, ಒಂದು ಕೈ ಮುಂದಕ್ಕೆ, ಎದುರು ಬದಿಯ ಕಾಲು ಹಿಂದಕ್ಕೆ, ಹತ್ತು ಸೆಕೆಂಡ್. ಬ್ಯಾಟ್ ಕೈಗೆ ಬರುವುದು ಅದಾದ ಎಷ್ಟೋ ವಾರಗಳ ಮೇಲೆ.